ಕೋವಿಡ್ ಮತ್ತು ಜೀವನದ ಗುಣಮಟ್ಟ: ಸೋಂಕು ತಗುಲದವರ ಕಡೆಯಿಂದ ಒಂದು ಟಿಪ್ಪಣಿ

ಕೋವಿಡ್ ಬಗ್ಗೆ ಓದುವಾಗ ನಮ್ಮ ಕಣ್ಣು ಮೊದಲು ಹೋಗುವುದು ಸೋಂಕಿತರ ಲೆಕ್ಕ, ಸಾವಿನ ಲೆಕ್ಕದ ಕಡೆಗೆ. ಜೀವನದ ಗುಣಮಟ್ಟದ ಪಾಠ ಓದುವಾಗ ಬೇರೆ ಪ್ರಶ್ನೆ ಕೇಳಿಕೊಳ್ಳಬೇಕು. ಸೋಂಕೇ ತಗುಲದವರ ದಿನನಿತ್ಯದ ಬದುಕು ಏನಾಯಿತು?

ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ ಸ್ವಲ್ಪ ಉದ್ದ ಇದೆ. ಸರಳವಾಗಿ ಹೇಳುವುದಾದರೆ, ತಾನು ಬದುಕುವ ಸಮಾಜದ ನಡುವೆ, ತನ್ನ ಗುರಿ, ನಿರೀಕ್ಷೆ, ಚಿಂತೆಗಳನ್ನು ಇಟ್ಟುಕೊಂಡು ಮನುಷ್ಯ ತನ್ನ ಬದುಕನ್ನು ಹೇಗೆ ಕಾಣುತ್ತಾನೆ ಅನ್ನೋದೇ ಜೀವನದ ಗುಣಮಟ್ಟ. 'ನಿರೀಕ್ಷೆ' ಎಂಬುದರ ಕೆಳಗೆ ಗೆರೆ ಎಳೆದುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದನ್ನು ಅಳೆಯಲು ಸಂಸ್ಥೆಯದೇ ಒಂದು ಪ್ರಶ್ನಾವಳಿ ಇದೆ, ಡಬ್ಲ್ಯುಎಚ್‌ಒಕ್ಯುಒಎಲ್-ಬ್ರೆಫ್. ಒಟ್ಟು 26 ಪ್ರಶ್ನೆ. ಮೊದಲ ಎರಡು ಒಟ್ಟಾರೆ ಬದುಕು, ಆರೋಗ್ಯದ ಬಗ್ಗೆ. ಉಳಿದ 24ರಲ್ಲಿ ದೇಹಕ್ಕೆ 7, ಮನಸ್ಸಿಗೆ 6, ಸಂಬಂಧಗಳಿಗೆ 3, ಪರಿಸರಕ್ಕೆ 8. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ನೋವು, ಔಷಧಿಯ ಅವಲಂಬನೆ, ಬೇಸರ-ಆತಂಕದ ಪ್ರಶ್ನೆಗಳಿಗೆ (3, 4, 26) ಅಂಕವನ್ನು ತಿರುಗಿಸಿ ಹಾಕಬೇಕು, ಅಂದರೆ 5 ಇದ್ದರೆ 1, 4 ಇದ್ದರೆ 2, ಯಾಕೆಂದರೆ ಇವುಗಳಲ್ಲಿ ಅಂಕ ಹೆಚ್ಚಾದಷ್ಟೂ ಕಷ್ಟ ಹೆಚ್ಚು. ಪರೀಕ್ಷೆಯಲ್ಲಿ ಇದನ್ನು ಮರೆಯುವವರೇ ಜಾಸ್ತಿ.

ಇಲ್ಲಿ 'ಪರಿಸರ' ಅಂದ ಕೂಡಲೇ ಗಿಡಮರ ಅಂದುಕೊಳ್ಳಬೇಡಿ. ಗಾಳಿ, ಗದ್ದಲ, ಸ್ವಚ್ಛತೆಯ ಪ್ರಶ್ನೆ ಒಂದಿದೆ, ನಿಜ. ಉಳಿದ ಏಳು ಕೈಯಲ್ಲಿರುವ ಹಣ, ಸುರಕ್ಷತೆ, ವಾಸದ ಮನೆ, ಬೇಕಾದ ಮಾಹಿತಿ, ಬಿಡುವು, ಆಸ್ಪತ್ರೆ, ಓಡಾಟದ ಅನುಕೂಲದ ಬಗ್ಗೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ಹೆಚ್ಚುಕಡಿಮೆ ಇವೆಲ್ಲಕ್ಕೂ ಒಟ್ಟಿಗೇ ಪೆಟ್ಟು ಬಿತ್ತು. ಕೋಲಾರದ ಕಡೆಯ ಒಬ್ಬ ಟೊಮೆಟೊ ಬೆಳೆಗಾರನನ್ನು ಕಣ್ಣಮುಂದೆ ತಂದುಕೊಳ್ಳಿ. ಮೈಯಲ್ಲಿ ಜ್ವರ ಇಲ್ಲ, ಕೆಮ್ಮು ಇಲ್ಲ. ಹಣ್ಣು ಕೆಂಪಾಗಿ ನಿಂತಿದೆ. ಕೇಳುವ ವ್ಯಾಪಾರಿ ಇಲ್ಲ, ಕಿತ್ತರೆ ಕೂಲಿಯೂ ಹುಟ್ಟಲ್ಲ. 'ನಿಮ್ಮ ಅಗತ್ಯಕ್ಕೆ ಸಾಕಾಗುವಷ್ಟು ಹಣ ಇದೆಯೇ?' ಎಂಬ 12ನೇ ಪ್ರಶ್ನೆಗೆ ಅವನ ಅಂಕ ಕುಸಿಯುತ್ತದೆ. ಸಾಲದ ಕಂತು ಹತ್ತಿರ ಬಂದ ಹಾಗೆ ನಿದ್ದೆ ಕೆಡುತ್ತದೆ. ಅದು 16ನೇ ಪ್ರಶ್ನೆ, ದೇಹದ ಭಾಗಕ್ಕೆ ಸೇರಿದ್ದು. ಆಮೇಲೆ 26ನೆಯದು, ಮನಸ್ಸಿನದು. ವೈರಸ್ ಅವನನ್ನು ಮುಟ್ಟಲೇ ಇಲ್ಲ, ಆದರೂ ಮೂರು ಭಾಗಗಳಲ್ಲಿ ಅಂಕ ಬಿತ್ತು. ನನ್ನ ಮಟ್ಟಿಗೆ ಈ ಇಡೀ ಪಾಠದ ತಿರುಳು ಇದೇ. ಅನೇಕರಿಗೆ ಪೆಟ್ಟು ಪರಿಸರದ ಭಾಗದಿಂದ ಒಳಗೆ ಬಂದು ದೇಹ, ಮನಸ್ಸಿಗೆ ಹರಡಿತು. ಡಯಾಲಿಸಿಸ್‌ಗೆ ವಾರಕ್ಕೆ ಎರಡು-ಮೂರು ಸಲ ಪಟ್ಟಣಕ್ಕೆ ಹೋಗಬೇಕಾದವರಿಗೆ ಬಸ್ ನಿಂತರೆ ಏನಾಗುತ್ತದೆ ಅಂತ ನೀವೇ ಯೋಚಿಸಿ.

ಮನಸ್ಸಿನ ಬಗ್ಗೆ ಒಂದು ಅಂಕಿ ನೆನಪಿಡಿ. ಪಿಡುಗಿನ ಮೊದಲ ವರ್ಷ ಜಗತ್ತಿನಾದ್ಯಂತ ಆತಂಕ, ಖಿನ್ನತೆ ಶೇ 25ರಷ್ಟು ಹೆಚ್ಚಾದವು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ಜಾಸ್ತಿ ನಲುಗಿದವರು ಹೆಂಗಸರು ಮತ್ತು ಎಳೆಯ ವಯಸ್ಸಿನವರು.

ಈಗ ಗೆರೆ ಎಳೆದ 'ನಿರೀಕ್ಷೆ'ಗೆ ಬರೋಣ. ಪ್ರಶ್ನಾವಳಿ ಕೇಳುವುದು ಕಳೆದ ಎರಡು ವಾರಗಳ ಅನುಭವವನ್ನು ಮಾತ್ರ. ಕಷ್ಟ ತಿಂಗಳುಗಟ್ಟಲೆ ಎಳೆದಾಗ ಮನುಷ್ಯ ತನ್ನ ನಿರೀಕ್ಷೆಯನ್ನೇ ಇಳಿಸಿಕೊಳ್ಳುತ್ತಾನೆ. ಎರಡು ಹೊತ್ತು ಊಟ ಸಿಕ್ಕರೆ 'ಹೇಗೋ ನಡೀತಿದೆ ಬಿಡಿ' ಅನ್ನುತ್ತಾನೆ, ಅಂಕ ಮೇಲೇರುತ್ತದೆ. ಬದುಕು ಸುಧಾರಿಸಿತು ಅಂತ ಆಗ ಬರೆದುಬಿಡುವುದು ತಪ್ಪು. ಅಂಕದ ಪಕ್ಕದಲ್ಲಿ ದುಡಿಮೆ, ಊಟ, ಸಾಲದ ಸ್ಥಿತಿಯನ್ನೂ ಇಟ್ಟು ನೋಡಲೇಬೇಕು.

ಸಂಬಂಧಗಳಿಗೆ ಇರುವುದು ಬರೀ ಮೂರು ಪ್ರಶ್ನೆ. ಇದು ಸಾಲದು ಅಂತ ನನಗೆ ಬಲವಾಗಿ ಅನಿಸುತ್ತದೆ. ಮೊದಲ ಲಾಕ್‌ಡೌನ್‌ನಲ್ಲಿ ಅಂತ್ಯಸಂಸ್ಕಾರಕ್ಕೆ 20 ಜನರಿಗಿಂತ ಹೆಚ್ಚು ಸೇರುವಂತಿರಲಿಲ್ಲ. ನಮ್ಮಲ್ಲಿ ಸಾವಿನ ಮನೆಗೆ ಊರಿಗೆ ಊರೇ ಹೋಗುತ್ತದೆ, ಅಲ್ವಾ? 2021ರ ಜೂನ್‌ನಲ್ಲಿ, ಯಾರೂ ಬಂದು ಒಯ್ಯದೆ ಉಳಿದಿದ್ದ ನೂರಾರು ಜನರ ಚಿತಾಭಸ್ಮವನ್ನು ಸರ್ಕಾರವೇ ಮಂಡ್ಯ ಜಿಲ್ಲೆಯ ಬೆಳಕವಾಡಿ ಬಳಿ ಕಾವೇರಿಯಲ್ಲಿ ಬಿಡಬೇಕಾಯಿತು. ಕಾರ್ಯ ಮಾಡಲಾಗದೆ ಉಳಿದ ಮನೆಯವರ ಸಂಕಟವನ್ನು 26ರಲ್ಲಿ ಯಾವ ಪ್ರಶ್ನೆಯೂ ನೇರವಾಗಿ ಕೇಳುವುದಿಲ್ಲ. ಇಂಥ ಕಡೆ ಜನರನ್ನು ಕೂರಿಸಿ ಮಾತಾಡಿಸಿ ಮಾಡುವ ಅಧ್ಯಯನವೇ ಬೇಕು.

ಇನ್ನೊಂದು ಮಿತಿ. ಈ ಪ್ರಶ್ನಾವಳಿ ದೊಡ್ಡವರಿಗೆ ಮಾಡಿದ್ದು, ಮಕ್ಕಳು ಇದರ ಲೆಕ್ಕಕ್ಕೆ ಬರುವುದಿಲ್ಲ. ಕರ್ನಾಟಕದಲ್ಲಿ 1ರಿಂದ 5ನೇ ತರಗತಿಗಳು 2020ರ ಮಾರ್ಚ್‌ನಲ್ಲಿ ಮುಚ್ಚಿ, ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ ಮಕ್ಕಳನ್ನು ಪರೀಕ್ಷಿಸಿತು. ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಕಲಿತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಇದು ಶೇ 82. ಕೋವಿಡ್ ಮತ್ತು ಜೀವನದ ಗುಣಮಟ್ಟದ ಬಗ್ಗೆ ಯಾವುದೇ ವರದಿ ಓದುವಾಗ, ಅದು ಯಾರನ್ನು ಕೇಳಿ ಬರೆದದ್ದು ಅಂತ ಮೊದಲ ಪುಟದಲ್ಲೇ ಹುಡುಕಿ ಗುರುತು ಹಾಕಿಕೊಳ್ಳಿ.