ಬಾನಿಶ್ಟೋರ್ ಅಂದ್ರೆ ಯಾರು?

ಐರ್ಲೆಂಡಿನ ಹರ್ಲಿಂಗ್ ಪಂದ್ಯ ನೋಡಿದರೆ, ಗೆರೆಯಾಚೆ ಒಬ್ಬರು ಅಂಗಿ ಮೇಲೆ ತೋಳಿಲ್ಲದ ತೆಳು ಬಿಬ್ ಹಾಕಿಕೊಂಡು ನಿಂತಿರುವುದು ಕಾಣುತ್ತದೆ. ಅದರ ಮೇಲೆ ದಪ್ಪಕ್ಷರದಲ್ಲಿ ಐರಿಶ್ ಭಾಷೆಯ ಒಂದು ಪದ. ಅದೇ ಬಾನಿಶ್ಟೋರ್.

ಮ್ಯಾನೇಜರ್ ಅಂತ ಅರ್ಥ. ಬ್ಯಾಂಕ್ ಮ್ಯಾನೇಜರ್‌ಗೂ ಇದೇ ಪದ. ಕೊನೆಯಲ್ಲಿರುವ 'ಓರ್' ನಮ್ಮ 'ಗಾರ' ಇದ್ದ ಹಾಗೆ. ಆಡುವವನು ಇಮ್ರೋರ್, ಅಂದರೆ ಆಟಗಾರ. ಪಾಠ ಹೇಳುವವನು ಮೂನ್ಟೋರ್, ಅಂದರೆ ಮೇಷ್ಟ್ರು. ಕಿಲ್ಕೆನಿ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಬ್ರಯಾನ್ ಕೋಡಿ ಈ ಮೂರೂ ಆಗಿದ್ದವರು, ಹಾಗಾಗಿ ಈ ಪದ ಅರ್ಥ ಆಗಬೇಕಾದರೆ ಅವರ ಕತೆ ಹೇಳುವುದೇ ಸುಲಭ.

ಹರ್ಲಿಂಗ್‌ನಲ್ಲಿ ಒಂದು ತಂಡಕ್ಕೆ 15 ಜನ, ಕೈಯಲ್ಲಿ ಆ್ಯಶ್ ಮರದ ಕೋಲು. ಯಾರಿಗೂ ಸಂಬಳ ಇಲ್ಲ. ತಮ್ಮ ಕೌಂಟಿಗಾಗಿ ಆಡುತ್ತಾರೆ, ಮರುದಿನ ಕೆಲಸಕ್ಕೆ ಹೋಗುತ್ತಾರೆ. 1978ರ ಅಖಿಲ ಐರ್ಲೆಂಡ್ ಫೈನಲ್‌ನಲ್ಲಿ ಕೋಡಿ ಮುಂಚೂಣಿಯಲ್ಲಿ ಆಡಿದರು. ಕಾರ್ಕ್ ಗೆದ್ದಿತು. ಊರಿಗೆ ಮರಳಿದಾಗ ಸ್ವಂತ ಜನರೇ ಅವರಿಗೆ ಬೂ ಎಂದು ಕೂಗಿದರು. ಎಂಥ ನೋವಲ್ವಾ? ಆದರೆ 1982ರಲ್ಲಿ ಅದೇ ಕೋಡಿ ಹಿಂದಿನ ಸಾಲಿನ ಫುಲ್‌ಬ್ಯಾಕ್ ಆಗಿ, ನಾಯಕರಾಗಿ ಕಪ್ ಎತ್ತಿದರು.

1998ರ ಕೊನೆಯಲ್ಲಿ ಬಾನಿಶ್ಟೋರ್ ಆದರು, 2022ರವರೆಗೆ ಇದ್ದರು. ಅದರಲ್ಲಿ ಬಹುಪಾಲು ವರ್ಷ ಹಗಲು ಹೊತ್ತು ಶಾಲೆಯಲ್ಲಿ ಮೇಷ್ಟ್ರ ಕೆಲಸ. ಗೆದ್ದ ಅಖಿಲ ಐರ್ಲೆಂಡ್ ಪ್ರಶಸ್ತಿಗಳು 11. ಬಾನಿಶ್ಟೋರ್ ಬರೀ ತರಬೇತುದಾರ ಅಲ್ಲ. ಓಡಿಸುವುದು, ಕಸರತ್ತು ಮಾಡಿಸುವುದಕ್ಕೆ ಬೇರೆಯವರೂ ಇರುತ್ತಾರೆ. ಯಾರು ಆಡಬೇಕು, ಯಾರನ್ನು ಕೂರಿಸಬೇಕು, ಸೋತಾಗ ಯಾರು ಮಾತು ಕೇಳಬೇಕು ಅನ್ನುವುದೆಲ್ಲ ಇವರ ತಲೆಮೇಲೆ. ಎಷ್ಟೇ ದೊಡ್ಡ ಹೆಸರಿದ್ದರೂ ಆಟದಲ್ಲಿ ಚುರುಕಿಲ್ಲದಿದ್ದರೆ ಕೋಡಿ ಹೊರಗೆ ಕೂರಿಸುತ್ತಿದ್ದರು. ಅವರ ಬಗ್ಗೆ ನನಗೆ ಜಾಸ್ತಿ ಗೌರವ ಇರುವುದು ಇದಕ್ಕೇ.

2008ರ ಫೈನಲ್ ಅಂಕಪಟ್ಟಿ ನೋಡಿ: ಕಿಲ್ಕೆನಿ 3-30, ವಾಟರ್‌ಫರ್ಡ್ 1-13. ಮೊದಲಿನದು ಗೋಲು, ಒಂದಕ್ಕೆ 3 ಪಾಯಿಂಟ್. ಅಂದರೆ 39ಕ್ಕೆ 16. ಫೈನಲ್‌ನಲ್ಲಿ 23 ಪಾಯಿಂಟ್ ಅಂತರ! ಎರಡು ವರ್ಷದ ನಂತರ, ಸತತ ಐದನೇ ಕಪ್ ಇನ್ನೇನು ಸಿಕ್ಕಿತು ಅನ್ನುವಾಗ, ಟಿಪ್ಪರರಿ ತಡೆಯಿತು.

ಹೆನ್ರಿ ಶೆಫ್ಲಿನ್ ಆಟಗಾರನಾಗಿ ಗೆದ್ದ 10 ಪದಕವೂ ಕೋಡಿಯ ಕೈಕೆಳಗೇ. ಆಮೇಲೆ ಶೆಫ್ಲಿನ್ ಗಾಲ್ವೆ ತಂಡದ ಬಾನಿಶ್ಟೋರ್ ಆದರು. 2022ರ ಮೇ ತಿಂಗಳಲ್ಲಿ ಗುರು ಶಿಷ್ಯರು ಎದುರಾದರು. ಗಾಲ್ವೆ ಒಂದೇ ಪಾಯಿಂಟ್‌ನಿಂದ ಗೆದ್ದಿತು. ಕೊನೆಗೆ ಇಬ್ಬರೂ ಕೈ ಕುಲುಕಿದ ರೀತಿ ಎಷ್ಟು ಬಿಗುವಾಗಿತ್ತು ಅಂದರೆ, ದಿನಗಟ್ಟಲೆ ಐರ್ಲೆಂಡಿನಲ್ಲಿ ಅದೇ ಮಾತು. ಮುಂದಿನ ತಿಂಗಳ ಲೆನ್‌ಸ್ಟರ್ ಪ್ರಾಂತ್ಯದ ಫೈನಲ್‌ನಲ್ಲಿ ಮತ್ತೆ ಗಾಲ್ವೆ ಎದುರಾದಾಗ ಕೋಡಿಯ ತಂಡ 5 ಪಾಯಿಂಟ್‌ಗಳಿಂದ ಗೆದ್ದಿತು. ಜುಲೈನಲ್ಲಿ ಅಖಿಲ ಐರ್ಲೆಂಡ್ ಫೈನಲ್‌ನಲ್ಲಿ ಲಿಮರಿಕ್ ವಿರುದ್ಧ 2 ಪಾಯಿಂಟ್‌ಗಳಿಂದ ಸೋತ ಕೆಲವೇ ದಿನಕ್ಕೆ ಅವರು ಜಾಗ ಬಿಟ್ಟರು. ಬಿಬ್ ಹೋದದ್ದು ಡೆರೆಕ್ ಲಿಂಗ್ ಮೈಮೇಲೆ. ಅವರೂ ಕೋಡಿಯ ತಂಡದಲ್ಲೇ ಇಮ್ರೋರ್ ಆಗಿದ್ದವರು.