ಸಾಲವೋ, ಸಂಬಳವೋ? ಬ್ರಿಟನ್ನಿನ ಲೋನ್ ಚಾರ್ಜ್ ಬೆಳೆದು ಬಂದ ದಾರಿ

ಬ್ರಿಟನ್ನಿನಲ್ಲಿ ಕಾಂಟ್ರಾಕ್ಟ್ ಕೆಲಸ ಮಾಡಿದವರು ಸೇರಿದ ಕಡೆ ‘ಲೋನ್ ಚಾರ್ಜ್’ ಮಾತು ಬಾರದೆ ಇರುವುದು ಕಡಿಮೆ. ಸಂಬಳದ ಬದಲು ಸಾಲ ಎಂಬ ಹೆಸರಿನಲ್ಲಿ ಪಡೆದ ದುಡ್ಡಿಗೆ ಸರ್ಕಾರ ಆಮೇಲೆ ಹಾಕಿದ ತೆರಿಗೆ ಅದು. 2016ರಲ್ಲಿ ಶುರುವಾದ ಕಥೆ ಇದು. ಅಲ್ಲಿಂದ ಈಚೆಗೆ ಎರಡು ಪರಿಶೀಲನಾ ವರದಿ ಬಂದಿವೆ, ಕಾನೂನಿಗೆ ತಿದ್ದುಪಡಿಯಾಗಿದೆ, 2025ರ ಕೊನೆಯಲ್ಲಿ ಹೊಸ ರಾಜಿ ಸೂತ್ರವೂ ಬಂದಿದೆ. ಆದರೂ ಊರಿನಲ್ಲಿ ಕೂತು ಕೇಳುವವರಿಗೆ ವಿಷಯ ತಲೆಗೆ ಹತ್ತುವುದಿಲ್ಲ. ‘ಅವತ್ತು ತೆರಿಗೆ ಕಟ್ಟಿಲ್ಲ, ಇವತ್ತು ಕೇಳ್ತಿದ್ದಾರೆ. ಅಷ್ಟೇ ಅಲ್ವಾ?’ ಅನ್ನುತ್ತಾರೆ. ಅಷ್ಟೇ ಆಗಿದ್ದರೆ ಇಷ್ಟು ವರ್ಷ ಎಳೆಯುತ್ತಿರಲಿಲ್ಲ.

ಮೊದಲು ಈ ಕಾಂಟ್ರಾಕ್ಟರ್‌ಗಳು ಯಾರು ಅಂತ ನೋಡೋಣ. ಬ್ಯಾಂಕು, ಟೆಲಿಕಾಂ ಕಂಪನಿ, ಸರ್ಕಾರಿ ಇಲಾಖೆಗಳಿಗೆ ಆರು ತಿಂಗಳು, ವರ್ಷದ ಮಟ್ಟಿಗೆ ಕೆಲಸಕ್ಕೆ ಹೋಗುವವರು. ಕೂಲಿ ದಿನದ ಲೆಕ್ಕ. ಕೆಲಸ ಹುಡುಕಿ ಕೊಡುವುದು ಏಜೆನ್ಸಿ. ರಜೆಗೆ ದುಡ್ಡಿಲ್ಲ, ಕಾಯಿಲೆ ಬಿದ್ದರೆ ದುಡ್ಡಿಲ್ಲ, ಬೇಡ ಅಂದ ದಿನ ಮನೆಗೆ. 2002ರಲ್ಲಿ ಬ್ರಿಟನ್ ಹೆಚ್ಚು ಪರಿಣತಿ ಉಳ್ಳವರಿಗೆ ಅಂಕಗಳ ಆಧಾರದ ಮೇಲೆ ವೀಸಾ ಕೊಡಲು ಶುರು ಮಾಡಿತು. ಆ ವೀಸಾ ಯಾವುದೋ ಒಂದೇ ಕಂಪನಿಗೆ ಕಟ್ಟಿಹಾಕುತ್ತಿರಲಿಲ್ಲ. ಹಾಗಾಗಿ ಭಾರತದಿಂದ ಹೋದ ಸಾಫ್ಟ್‌ವೇರ್ ಮಂದಿಗೂ ಕಾಂಟ್ರಾಕ್ಟ್ ಬಾಗಿಲು ತೆರೆಯಿತು. ಬೆಂಗಳೂರಿನವರಿಗೆ ಈ ವಿಷಯದ ನಂಟು ಅಲ್ಲಿಂದ.

ಆ ಹೊತ್ತಿಗಾಗಲೇ ಕಾಂಟ್ರಾಕ್ಟರ್‌ಗಳ ತಲೆ ಮೇಲೆ ಒಂದು ಕತ್ತಿ ತೂಗುತ್ತಿತ್ತು. ಅದರ ಹೆಸರು ಐಆರ್ 35. ಅದಕ್ಕೂ ಮುಂಚೆ ಹೆಚ್ಚಿನವರು ತಮ್ಮದೇ ಒಂದು ಪುಟ್ಟ ಕಂಪನಿ ಮಾಡಿಕೊಂಡು, ಸ್ವಲ್ಪ ಸಂಬಳ, ಜಾಸ್ತಿ ಡಿವಿಡೆಂಡ್ ತೆಗೆದುಕೊಳ್ಳುತ್ತಿದ್ದರು. ತೆರಿಗೆ ಕಡಿಮೆ ಬೀಳುತ್ತಿತ್ತು. 2000ದ ಏಪ್ರಿಲ್‌ನಿಂದ ಸರ್ಕಾರ ಹೇಳಿದ್ದು ಇಷ್ಟು: ಕೆಲಸ ಮಾಡುವುದು ನೌಕರನ ಹಾಗೆ ಆದರೆ ತೆರಿಗೆಯನ್ನೂ ನೌಕರನ ಹಾಗೇ ಕಟ್ಟಿ. ಮಾತು ನ್ಯಾಯವಾಗಿಯೇ ಇದೆ. ಆದರೆ ಯಾರು ನೌಕರನ ಹಾಗೆ, ಯಾರು ಅಲ್ಲ ಎಂದು ಹೇಳುವ ಸ್ಪಷ್ಟ ಅಳತೆಗೋಲು ಇರಲಿಲ್ಲ. ಒಪ್ಪಂದದ ಸಾಲು ಸಾಲು ಓದಿ, ಬಾಸ್ ಯಾರು, ನಿಮ್ಮ ಬದಲು ಇನ್ನೊಬ್ಬರನ್ನು ಕಳಿಸಬಹುದಾ ಎಂದೆಲ್ಲ ನೋಡಿ ತೀರ್ಮಾನಿಸಬೇಕು. ತಪ್ಪಾಗಿದ್ದರೆ ಗೊತ್ತಾಗುವುದು ನಾಲ್ಕೈದು ವರ್ಷದ ಮೇಲೆ, ಬಾಕಿ ನೋಟಿಸ್ ಕೈಗೆ ಬಂದಾಗ.

ಈ ಭಯವೇ ತೆರಿಗೆ ಉಳಿಸುವ ಸ್ಕೀಮ್ ಮಾರುವವರಿಗೆ ಬಂಡವಾಳವಾಯಿತು. ‘ಐಆರ್ 35 ತಲೆನೋವು ಬೇಡ. ಸ್ವಂತ ಕಂಪನಿಯೂ ಬೇಡ. ನಮ್ಮಲ್ಲಿ ನೌಕರರಾಗಿ ಸೇರಿ, ಎಲ್ಲಾ ನಾವೇ ನೋಡ್ಕೋತೀವಿ’ ಎನ್ನುವ ಧಾಟಿ ಅವರದು. ಏಜೆನ್ಸಿ ಮತ್ತು ಕಾಂಟ್ರಾಕ್ಟರ್ ಮಧ್ಯೆ ನಿಲ್ಲುವ ಇಂಥ ಸಂಸ್ಥೆಗಳಿಗೆ ಅಂಬ್ರೆಲಾ ಕಂಪನಿ ಎನ್ನುತ್ತಾರೆ. ನೆಟ್ಟಗೆ ತೆರಿಗೆ ಮುರಿದು ಸಂಬಳ ಕೊಡುವ ಅಂಬ್ರೆಲಾಗಳು ಬೇಕಾದಷ್ಟಿದ್ದವು, ಈಗಲೂ ಇವೆ. ಇದು ಬೇರೆ ಜಾತಿಯವುಗಳ ಕಥೆ.

ಸ್ಕೀಮ್ ಹೇಗೆ ನಡೆಯುತ್ತಿತ್ತು ಅನ್ನುವುದನ್ನು ಒಂದು ಕಲ್ಪಿತ ಲೆಕ್ಕದಲ್ಲಿ ಹೇಳುತ್ತೇನೆ. ದಿನಕ್ಕೆ 400 ಪೌಂಡ್, ತಿಂಗಳಿಗೆ 20 ದಿನ ಅಂದುಕೊಳ್ಳಿ. ಏಜೆನ್ಸಿ 8,000 ಪೌಂಡ್ ಕಳಿಸುತ್ತದೆ. ಸ್ಕೀಮ್ ನಡೆಸುವವರು 15 ಪರ್ಸೆಂಟ್, ಅಂದರೆ 1,200 ಪೌಂಡ್ ಶುಲ್ಕ ಮುರಿದುಕೊಳ್ಳುತ್ತಾರೆ. 1,000 ಪೌಂಡ್ ಸಂಬಳ ಅಂತ ಬರುತ್ತದೆ, ಅದಕ್ಕೊಂದಿಷ್ಟು ತೆರಿಗೆ. ಉಳಿದ 5,800 ಪೌಂಡ್ ಸಾಲ! ತೆರಿಗೆ ಕಡಿಮೆಯಿರುವ ದ್ವೀಪಗಳಾದ ಐಲ್ ಆಫ್ ಮ್ಯಾನ್‌ನಲ್ಲೋ ಜರ್ಸಿಯಲ್ಲೋ ಇರುವ ಟ್ರಸ್ಟ್ ಒಂದು ಆ ಸಾಲ ಕೊಡುತ್ತದೆ. ಸಾಲಕ್ಕೆ ಆದಾಯ ತೆರಿಗೆ ಇಲ್ಲ. ಪೇ ಸ್ಲಿಪ್ ತೆಗೆದು ನೋಡಿದರೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನ ಸಂಬಳದಷ್ಟು ಕಾಣುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಮಾತ್ರ ಎರಡು ಜಮೆ, ಎರಡು ಬೇರೆ ಬೇರೆ ಹೆಸರಿನಿಂದ. ಜೊತೆಗೊಂದು ಸಾಲದ ಪತ್ರ, ಸಹಿ ಹಾಕಿ ವಾಪಸ್ ಕಳಿಸಲು. ಅದನ್ನು ತೀರಿಸುವ ಪ್ರಶ್ನೆ ಯಾರ ತಲೆಗೂ ಬರುತ್ತಿರಲಿಲ್ಲ. ತೀರಿಸಬೇಕಾಗಿಲ್ಲ ಎನ್ನುವ ಮಾತಿನ ಮೇಲೇ ಸ್ಕೀಮ್ ಮಾರಾಟವಾಗುತ್ತಿದ್ದದ್ದು.

ಇದೇ 8,000 ಪೌಂಡನ್ನು ನೇರ ಸಂಬಳವಾಗಿ ತೆಗೆದುಕೊಂಡಿದ್ದರೆ, ಎಲ್ಲಾ ಕಡಿತ ಆಗಿ ಕೈಗೆ 60 ಪರ್ಸೆಂಟ್ ಆಸುಪಾಸು ಸಿಗುತ್ತಿತ್ತು. ಇಲ್ಲಿ 80ರ ಮೇಲೆ. ಇದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಇಷ್ಟು ಜಾಸ್ತಿ ಹೇಗೆ ಬರುತ್ತೆ ಎಂದು ಒಮ್ಮೆಯಾದರೂ ಕೇಳಬೇಕಿತ್ತು ಎನ್ನುವವರ ಮಾತಿಗೆ ತೂಕವಿದೆ.

ಕೇಳಿದವರೂ ಇದ್ದರು. ಅವರಿಗೆ ಸಿಕ್ಕ ಉತ್ತರ ಏನು ಅನ್ನುವುದು ಈ ಕಥೆಯ ಮುಖ್ಯ ಗಂಟು. ಹಿರಿಯ ವಕೀಲರ ಅಭಿಪ್ರಾಯ ಪತ್ರವಿದೆ ಎನ್ನುತ್ತಿದ್ದರು. ಸ್ಕೀಮಿಗೆ ನೋಂದಣಿ ಸಂಖ್ಯೆಯಿದೆ ಎಂದು ತೋರಿಸುತ್ತಿದ್ದರು. ಸಂಖ್ಯೆ ನಿಜವೇ. 2004ರಲ್ಲಿ ಬಂದ ನಿಯಮದ ಪ್ರಕಾರ ಇಂಥ ಸ್ಕೀಮ್ ನಡೆಸುವವರು ತೆರಿಗೆ ಇಲಾಖೆಗೆ ತಿಳಿಸಬೇಕು, ಇಲಾಖೆ ಒಂದು ಸಂಖ್ಯೆ ಕೊಡುತ್ತದೆ, ಬಳಸುವವರು ಅದನ್ನು ತಮ್ಮ ರಿಟರ್ನ್‌ನಲ್ಲಿ ಬರೆಯಬೇಕು. ಇಲಾಖೆಯ ಪಾಲಿಗೆ ಅದು ‘ಗಮನಕ್ಕೆ ಬಂದಿದೆ’ ಅನ್ನುವ ಗುರುತು ಮಾತ್ರ. ಜನ ಅದನ್ನು ಒಪ್ಪಿಗೆಯ ಮುದ್ರೆ ಎಂದು ತಿಳಿದರು, ಮಾರುವವರು ಹಾಗೆ ತಿಳಿಯಲು ಬಿಟ್ಟರು.

ಎಷ್ಟೋ ಜನ ಆ ಸಂಖ್ಯೆಯನ್ನು ವರ್ಷಾ ವರ್ಷಾ ರಿಟರ್ನ್‌ನಲ್ಲಿ ಬರೆದರು. ಬಡ್ಡಿಯಿಲ್ಲದ ಸಾಲದಿಂದ ಆದ ಲಾಭಕ್ಕೆ ಕಟ್ಟಬೇಕಾದ ಚಿಲ್ಲರೆ ತೆರಿಗೆಯನ್ನೂ ಕಟ್ಟಿದವರಿದ್ದಾರೆ. ರಿಟರ್ನ್ ಬಗ್ಗೆ ವಿಚಾರಣೆ ತೆರೆಯಲು ಇಲಾಖೆಗೆ ಸಾಮಾನ್ಯವಾಗಿ 12 ತಿಂಗಳ ಗಡುವು. ಕೆಲವರಿಗೆ ವಿಚಾರಣೆಯ ಪತ್ರ ಬಂತು, ಬಂದು ವರ್ಷಗಟ್ಟಲೆ ಮುಂದಕ್ಕೆ ಹೋಗಲಿಲ್ಲ. ಇನ್ನು ಕೆಲವರಿಗೆ ಪತ್ರವೇ ಬರಲಿಲ್ಲ. ಗಡುವು ಮುಗಿಯಿತು, ವರ್ಷ ಮುಚ್ಚಿತು ಎಂದುಕೊಂಡು ಮನೆ ಕೊಂಡರು, ಮಕ್ಕಳನ್ನು ಓದಿಸಿದರು, ಕೆಲವರು ಊರಿಗೂ ವಾಪಸ್ಸಾದರು.

ಎಲ್ಲರೂ ದಿನಕ್ಕೆ 400 ಪೌಂಡಿನವರೇನಲ್ಲ. ಹೆಚ್ಚಿನ ಪಾಲು ಐಟಿ ಮತ್ತು ಸಲಹಾ ಕೆಲಸದವರು ನಿಜ, ಆದರೆ ಏಜೆನ್ಸಿ ನರ್ಸ್‌ಗಳು, ಸೋಶಿಯಲ್ ವರ್ಕರ್‌ಗಳು, ಶಿಕ್ಷಕರೂ ಇದ್ದರು. ಇವರಲ್ಲಿ ಅನೇಕರಿಗೆ ಅಂಬ್ರೆಲಾ ಆರಿಸುವ ಅವಕಾಶವೇ ಇರಲಿಲ್ಲ. ‘ಇದರ ಮೂಲಕ ಬಂದರೆ ಕೆಲಸ’ ಎಂದು ಏಜೆನ್ಸಿ ಹೇಳಿದ ಕಡೆ ಸಹಿ ಹಾಕಿದರು.

ಸರ್ಕಾರ ಪೂರ್ತಿ ಕೈಕಟ್ಟಿ ಕೂತಿರಲಿಲ್ಲ. 2008ರಲ್ಲಿ ಐಲ್ ಆಫ್ ಮ್ಯಾನ್‌ಗೆ ಸೇರಿದ ಇನ್ನೊಂದು ಬಗೆಯ ಸ್ಕೀಮನ್ನು ಪೂರ್ವಾನ್ವಯ ಕಾನೂನಿನಿಂದಲೇ, ಅಂದರೆ ಹಿಂದಿನ ವರ್ಷಗಳಿಗೂ ಅನ್ವಯವಾಗುವ ಕಾನೂನಿನಿಂದ, ಮುಚ್ಚಿತು, ಕೋರ್ಟು ಅದನ್ನು ಎತ್ತಿ ಹಿಡಿಯಿತು. 2010ರ ಡಿಸೆಂಬರ್ 9ರಂದು ಹೊಸ ನಿಯಮ ಘೋಷಣೆಯಾಯಿತು: ಮೂರನೆಯವರ ಕೈಯಿಂದ ಸಾಲದ ರೂಪದಲ್ಲಿ ಬಂದರೂ ಅದು ಸಂಬಳವೇ. 2011ರಲ್ಲಿ ಅದು ಕಾನೂನಾಯಿತು. ಅಲ್ಲಿಂದ ಮುಂದೆ ಗೊಂದಲಕ್ಕೆ ಜಾಗ ಇರಬಾರದಿತ್ತು. ಆದರೆ ಸ್ಕೀಮ್‌ಗಳು ವೇಷ ಬದಲಿಸಿಕೊಂಡು ಮುಂದುವರಿದವು. 2014ರಲ್ಲಿ ಇನ್ನೊಂದು ಅಸ್ತ್ರ ಬಂತು. ವ್ಯಾಜ್ಯ ತೀರ್ಮಾನವಾಗುವ ಮೊದಲೇ ದುಡ್ಡು ಕಟ್ಟಿ ಎನ್ನುವ ನೋಟಿಸ್ ಅದು, ಮೇಲ್ಮನವಿಗೆ ಅವಕಾಶವಿಲ್ಲ.

2016ರ ಮಾರ್ಚ್ ಬಜೆಟ್‌ನಲ್ಲಿ ಲೋನ್ ಚಾರ್ಜ್ ಘೋಷಣೆಯಾಯಿತು. ಆಗ ಹಣಕಾಸು ಸಚಿವರಾಗಿದ್ದವರು ಜಾರ್ಜ್ ಆಸ್ಬಾರ್ನ್. ಭಾರತೀಯ ಓದುಗರಿಗೆ ಇಲ್ಲೊಂದು ಸಂಗತಿ ನೆನಪಾಗಬೇಕು. 2012ರಲ್ಲಿ ವೊಡಾಫೋನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ತನ್ನ ವಿರುದ್ಧ ಬಂದ ಮೇಲೆ ನಮ್ಮ ಸರ್ಕಾರ 1962ರವರೆಗೆ ಹಿಂದಕ್ಕೆ ಅನ್ವಯವಾಗುವ ಹಾಗೆ ಆದಾಯ ತೆರಿಗೆ ಕಾಯ್ದೆ ತಿದ್ದಿತು. ಆಗ ದೆಹಲಿಗೆ ಬಂದು ಕಳವಳ ಹೇಳಿಕೊಂಡವರಲ್ಲಿ ಇದೇ ಆಸ್ಬಾರ್ನ್ ಒಬ್ಬರು. ಭಾರತ 2021ರಲ್ಲಿ ಕಾನೂನು ಮಾಡಿ ಆ ಬೇಡಿಕೆಗಳನ್ನು ಕೈಬಿಟ್ಟಿತು. ಒಂದು ದೊಡ್ಡ ಕಂಪನಿಗೆ ಹಿಂದಿನ ವರ್ಷಗಳ ತೆರಿಗೆ ಕೇಳಿದಾಗ ಎರಡು ದೇಶಗಳ ಮಂತ್ರಿಗಳು ಕೂತು ಮಾತಾಡಿದರು. ಬಿಡಿ ಬಿಡಿ ಮನೆಗಳಿಗೆ ಅದೇ ಕಷ್ಟ ಬಂದಾಗ ಅಷ್ಟು ಗಟ್ಟಿ ದನಿ ಸಿಗಲು ವರ್ಷಗಳೇ ಬೇಕಾದವು.

2017ರಲ್ಲಿ ಕಾನೂನಾದ ಲೋನ್ ಚಾರ್ಜ್ ಹೇಳಿದ್ದು ಇದು: 1999ರ ಏಪ್ರಿಲ್ 6ರಿಂದ ಈಚೆಗೆ ಪಡೆದ ಇಂಥ ಸಾಲಗಳಲ್ಲಿ 2019ರ ಏಪ್ರಿಲ್ 5ಕ್ಕೆ ತೀರದೆ ಉಳಿದದ್ದೆಲ್ಲ ಆ ಒಂದೇ ವರ್ಷದ ಆದಾಯ. ಇಪ್ಪತ್ತು ವರ್ಷದ ಸಾಲ, ಒಂದೇ ವರ್ಷದ ಖಾತೆಗೆ. ಸುಮಾರು 50,000 ಜನ ಇದರೊಳಗೆ ಬರುತ್ತಾರೆ ಎಂದು ಸರ್ಕಾರವೇ ಅಂದಾಜು ಮಾಡಿತ್ತು.

ಒಂದೇ ವರ್ಷಕ್ಕೆ ಸೇರಿಸುವುದರ ಪೆಟ್ಟು ಎಷ್ಟು? ವರ್ಷಕ್ಕೆ 10,000 ಪೌಂಡ್ ಸಂಬಳ, 40,000 ಸಾಲ, ಹೀಗೆ ಐದು ವರ್ಷ ಪಡೆದವರನ್ನು ತೆಗೆದುಕೊಳ್ಳಿ. 2018-19ರ ದರವನ್ನೇ ಹಿಡಿದು ವರ್ಷವರ್ಷಕ್ಕೆ ಬೇರೆ ಬೇರೆ ಲೆಕ್ಕ ಹಾಕಿದರೆ ಐದೂ ವರ್ಷಕ್ಕೆ ಆದಾಯ ತೆರಿಗೆ ಸುಮಾರು 42,000 ಪೌಂಡ್. ಅದೇ 2,00,000 ಪೌಂಡ್ ಒಂದೇ ವರ್ಷ ಬಂತು ಅಂದರೆ ತೆರಿಗೆರಹಿತ ಮಿತಿ ಕೈತಪ್ಪುತ್ತದೆ, ಒಂದು ಪಾಲು 45 ಪರ್ಸೆಂಟ್ ದರಕ್ಕೆ ಏರುತ್ತದೆ. ಆ ವರ್ಷ ಬೇರೆ ಆದಾಯ ಒಂದು ಪೈಸೆ ಇಲ್ಲದಿದ್ದರೂ 75,000 ಪೌಂಡ್ ದಾಟುತ್ತದೆ.

ಇದು ಪೂರ್ವಾನ್ವಯ ತೆರಿಗೆಯಾ? ಅಲ್ಲ ಎನ್ನುವುದು ಸರ್ಕಾರದ ವಾದ. ಸಾಲ ಇನ್ನೂ ಇದೆ, ಮುಂದಿನ ಒಂದು ದಿನಾಂಕಕ್ಕೆ ಹೊಸ ತೆರಿಗೆ ಹಾಕಿದ್ದೇವೆ, ಮೊದಲೇ ಹೇಳಿ ಮೂರು ವರ್ಷ ಸಮಯವನ್ನೂ ಕೊಟ್ಟಿದ್ದೇವೆ ಎನ್ನುತ್ತದೆ ಅದು. ಅಕ್ಷರಕ್ಕೆ ಸರಿ. ಆದರೆ ಬ್ರಿಟನ್ನಿನ ಸಾಮಾನ್ಯ ತೆರಿಗೆ ಕಾನೂನಿನಲ್ಲಿ ಹಿಂದಿನ ವರ್ಷಗಳನ್ನು ಮತ್ತೆ ತೆರೆಯಲು 4 ವರ್ಷದ ಮಿತಿಯಿದೆ. ಅಜಾಗರೂಕತೆ ಇದ್ದರೆ 6, ಬೇಕೆಂದೇ ವಂಚಿಸಿದ್ದರೆ 20. ಎಲ್ಲವನ್ನೂ ರಿಟರ್ನ್‌ನಲ್ಲಿ ಬರೆದವರನ್ನೂ ಬೇಕೆಂದೇ ವಂಚಿಸಿದವರನ್ನೂ ಲೋನ್ ಚಾರ್ಜ್ ಒಂದೇ ತಕ್ಕಡಿಗೆ ಹಾಕಿತು. ಮುಚ್ಚಿದ ವರ್ಷಕ್ಕೆ ಬೇರೆ ಬಾಗಿಲಿನಿಂದ ಹೋದ ಹಾಗಾಯಿತು. 2018ರ ಡಿಸೆಂಬರ್‌ನಲ್ಲಿ ಹೌಸ್ ಆಫ್ ಲಾರ್ಡ್ಸ್ ಸಮಿತಿಯೂ ಇದರ ಪರಿಣಾಮ ಪೂರ್ವಾನ್ವಯದ್ದೇ ಎಂದು ಹೇಳಿತು. ಓದಿ ನೋಡಿದರೆ ನನಗೂ ಬೇರೆ ಅರ್ಥ ಹೊಳೆಯುವುದಿಲ್ಲ.

ಇದರ ನಡುವೆ, 2017ರ ಜುಲೈನಲ್ಲಿ ಗ್ಲಾಸ್ಗೋದ ರೇಂಜರ್ಸ್ ಫುಟ್‌ಬಾಲ್ ಕ್ಲಬ್ ಪ್ರಕರಣದ ತೀರ್ಪು ಬಂತು. ಅಲ್ಲಿಯೂ ಆಟಗಾರರಿಗೆ ಟ್ರಸ್ಟ್ ಮೂಲಕ ಸಾಲ ಕೊಟ್ಟಿದ್ದರು. ಕೆಳಗಿನ ಎರಡು ನ್ಯಾಯಮಂಡಳಿಗಳಲ್ಲಿ ಬಹುಮಟ್ಟಿಗೆ ಸೋತಿದ್ದ ತೆರಿಗೆ ಇಲಾಖೆ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಟ್ರಸ್ಟಿಗೆ ಹೋದ ದುಡ್ಡೂ ಸಂಬಳವೇ, ಕೊಡುವ ಹೊತ್ತಿಗೇ ತೆರಿಗೆ ಮುರಿಯಬೇಕಿತ್ತು ಎಂದಿತು ಕೋರ್ಟು. ಸರ್ಕಾರದ ನಿಲುವಿಗೆ ಇದರಿಂದ ಬಲ ಬಂತು. ಕಾಂಟ್ರಾಕ್ಟರ್‌ಗಳು ಅದೇ ತೀರ್ಪು ಹಿಡಿದು ಕೇಳಿದರು: ತೆರಿಗೆ ಮುರಿಯಬೇಕಾದವರು ಸಂಬಳ ಕೊಟ್ಟವರು ತಾನೇ? ಹಾಗಾದರೆ ನೋಟಿಸ್ ನಮಗ್ಯಾಕೆ? ಸಂಬಳ ಕೊಟ್ಟ ಎಷ್ಟೋ ಕಂಪನಿಗಳು ಆಗಲೇ ಮುಚ್ಚಿದ್ದವು, ಉಳಿದವು ದೇಶದ ಹೊರಗಿದ್ದವು. ಶುಲ್ಕ ಹೋದದ್ದು ಅವರ ಕೈಗೆ, ಬಿಲ್ ಬಂದದ್ದು ವಿಳಾಸ ಸಿಕ್ಕವರ ಮನೆಗೆ.

ತೆರಿಗೆ ಇಲಾಖೆಯ ಕಂದು ಲಕೋಟೆಗಳು ಬಂದ ಮನೆಗಳಲ್ಲಿ ಏನಾಯಿತು ಅನ್ನುವುದನ್ನು ಬಿಟ್ಟು ಈ ಇತಿಹಾಸ ಬರೆಯಲಾಗದು. ಲೋನ್ ಚಾರ್ಜಿನ ಸುಳಿಗೆ ಸಿಕ್ಕಿದ್ದ 10 ಜನರ ಆತ್ಮಹತ್ಯೆಯ ಪ್ರಕರಣಗಳನ್ನು ತೆರಿಗೆ ಇಲಾಖೆಯೇ ಸ್ವತಂತ್ರ ತನಿಖಾ ಸಂಸ್ಥೆಗೆ ಒಪ್ಪಿಸಿದೆ. ಸಾಲದ ಬಾಧೆಗೆ ರೈತರನ್ನು ಕಳೆದುಕೊಂಡ ನಾಡಿನವರಿಗೆ ಇದರ ಹಿಂದಿನ ನರಕ ಬಿಡಿಸಿ ಹೇಳಬೇಕಿಲ್ಲ. ಸಾಲದು ಎಂಬಂತೆ, ಹಳೆ ಟ್ರಸ್ಟುಗಳ ಸಾಲದ ಪತ್ರಗಳನ್ನು ಕೊಂಡ ಬೇರೆಯವರು ‘ನಮ್ಮ ಸಾಲ ತೀರಿಸಿ’ ಎಂದು ಬೇಡಿಕೆ ಕಳಿಸಲು ಶುರು ಮಾಡಿದರು. ಒಂದು ಪತ್ರ ಅದು ಸಂಬಳ ಎನ್ನುತ್ತದೆ, ಇನ್ನೊಂದು ಅದು ಸಾಲ ಎನ್ನುತ್ತದೆ. ಎರಡೂ ಒಂದೇ ದುಡ್ಡಿಗೆ.

2019ರಲ್ಲಿ ಎಲ್ಲಾ ಪಕ್ಷಗಳ ಸಂಸದರ ಒತ್ತಡ ಜೋರಾಯಿತು. ಸರ್ಕಾರಿ ಲೆಕ್ಕ ಪರಿಶೋಧನೆಯ ಮುಖ್ಯಸ್ಥರಾಗಿದ್ದ ಸರ್ ಏಮಿಯಸ್ ಮೋರ್ಸ್ ಅವರ ಪರಿಶೀಲನೆ ನಡೆಯಿತು. ಸರ್ಕಾರ ಅವರ 20 ಶಿಫಾರಸುಗಳಲ್ಲಿ 19 ಒಪ್ಪಿತು. 2010ರ ಡಿಸೆಂಬರ್ 9ಕ್ಕಿಂತ ಹಿಂದಿನ ಸಾಲಗಳು ಹೊರಗೆ ಬಂದವು. ರಿಟರ್ನ್‌ನಲ್ಲಿ ಸರಿಯಾಗಿ ತಿಳಿಸಿದ್ದು, ಇಲಾಖೆ ಏನೂ ಮಾಡದೆ ಬಿಟ್ಟ ವರ್ಷಗಳಿಗೂ ವಿನಾಯಿತಿ ಸಿಕ್ಕಿತು. ಉಳಿದದ್ದನ್ನು ಮೂರು ತೆರಿಗೆ ವರ್ಷಗಳಿಗೆ ಹಂಚಬಹುದು ಎಂದಾಯಿತು. ಹತ್ತು ವರ್ಷ ಕಟ್ಟಿದ ಮೇಲೂ ಉಳಿದ ಬಾಕಿಯನ್ನು ಮನ್ನಾ ಮಾಡಿ ಎಂಬ ಒಂದು ಶಿಫಾರಸು ಮಾತ್ರ ಬಿದ್ದುಹೋಯಿತು.

ಆದರೆ 2010ರ ನಂತರದವರು ಒಳಗೇ ಉಳಿದರು. ಬರೆದ ಕಾನೂನು ಇತ್ತು ಎನ್ನುವುದು ಅದಕ್ಕೆ ಕಾರಣ. ಕಾನೂನು ಇದ್ದ ಮೇಲೂ ಅದೇ ಸ್ಕೀಮ್ ಅದೇ ಏಜೆನ್ಸಿಗಳ ಮೂಲಕ ಹೇಗೆ ನಡೆಯಿತು ಎಂಬ ಪ್ರಶ್ನೆಗೆ ಮೋರ್ಸ್ ವರದಿಯ ನಂತರದ ಕ್ರಮಗಳಲ್ಲೂ ತೃಪ್ತಿಯಾಗುವ ಉತ್ತರ ಕಾಣಲಿಲ್ಲ.

2024ರ ಅಕ್ಟೋಬರ್ ಬಜೆಟ್‌ನಲ್ಲಿ ಹೊಸ ಸರ್ಕಾರ ಇನ್ನೊಂದು ಪರಿಶೀಲನೆ ಘೋಷಿಸಿತು. ತೆರಿಗೆ ತಜ್ಞ ರೇ ಮೆಕ್ಯಾನ್ ಅವರ ವರದಿ 2025ರ ನವೆಂಬರ್ 26ರ ಬಜೆಟ್ ಜೊತೆ ಬಂತು. ತಡವಾಗಿ ಕಟ್ಟಿದ್ದಕ್ಕೆ ಹಾಕುವ ಬಡ್ಡಿ ಬಿಡಬೇಕು, ಸ್ಕೀಮ್ ಮಾರಿದವರಿಗೆ ಕೊಟ್ಟ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿದು ಬಾಕಿ ಇಳಿಸಬೇಕು ಎಂಬ ದಿಕ್ಕಿನ ಶಿಫಾರಸುಗಳು ಅದರಲ್ಲಿವೆ. ಸರ್ಕಾರ ಬಹುತೇಕ ಒಪ್ಪಿ, ತಾನಾಗಿ ತಲಾ 5,000 ಪೌಂಡ್ ಕಡಿತವನ್ನೂ ಸೇರಿಸಿತು. ಹೆಚ್ಚಿನವರ ಬಾಕಿ ಅರ್ಧಕ್ಕಾದರೂ ಇಳಿಯುತ್ತದೆ ಎಂಬುದು ಅದರ ಅಂದಾಜು. 2026ರ ಏಪ್ರಿಲ್‌ನಿಂದ ಇನ್ನೊಂದು ಬದಲಾವಣೆ: ಅಂಬ್ರೆಲಾ ಕಂಪನಿ ತೆರಿಗೆ ಕಟ್ಟದಿದ್ದರೆ ಏಜೆನ್ಸಿಯೂ ಹೊಣೆ.

ಈ ರಿಯಾಯಿತಿ ಇನ್ನೂ ಇತ್ಯರ್ಥವಾಗದವರಿಗೆ. ಇಲಾಖೆ ಕೇಳಿದಾಗಲೇ ಮನೆ ಮಾರಿಯೋ, ಪಿಂಚಣಿ ಹಣ ಒಡೆದೋ, ಅಣ್ಣ ತಮ್ಮಂದಿರ ಹತ್ತಿರ ಕೈಚಾಚಿಯೋ ಪೂರ್ತಿ ಕಟ್ಟಿ ಮುಗಿಸಿದವರು ಪರಿಶೀಲನೆಯ ವ್ಯಾಪ್ತಿಯಲ್ಲೇ ಇರಲಿಲ್ಲ. ಅವರಿಗೆ ಬಡ್ಡಿಯೂ ವಾಪಸ್ ಇಲ್ಲ, ಆ 5,000 ಪೌಂಡೂ ಇಲ್ಲ. ಹೇಳಿದ ತಕ್ಷಣ ಕಟ್ಟಿದವರಿಗೆ ಕಟ್ಟದೆ ಕಾದವರಿಗಿಂತ ಜಾಸ್ತಿ ಬಿದ್ದದ್ದನ್ನು ಸರಿಪಡಿಸಿ ಎಂದು ಅವರು ಈಗ ತಮ್ಮ ತಮ್ಮ ಸಂಸದರಿಗೆ ಬರೆಯುತ್ತಿದ್ದಾರೆ.