ಪೂಮಾಗೆ ಗುಂಡು: ಬಹುಮಾನದಿಂದ ಬ್ಯಾಲಟ್‌ವರೆಗೆ

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊ ಪಕ್ಕದಲ್ಲಿ ರ್ಯಾಂಚೊ ಸ್ಯಾನ್ ಆಂಟೋನಿಯೊ ಅಂತ ಒಂದು ಗುಡ್ಡಗಾಡು ಇದೆ. ವಾರಾಂತ್ಯದಲ್ಲಿ ಅಲ್ಲಿ ನಡೆಯೋಕೆ ಹೋದರೆ ಕನ್ನಡ ಕಿವಿಗೆ ಬಿದ್ದರೂ ಆಶ್ಚರ್ಯವಿಲ್ಲ. ಸುತ್ತಮುತ್ತಲ ಕಂಪನಿಗಳಲ್ಲಿ ನಮ್ಮವರು ಅಷ್ಟು ಜನ ಇದ್ದಾರೆ. ಅಲ್ಲೊಂದು ಎಚ್ಚರಿಕೆಯ ಫಲಕ ಕಾಣುತ್ತದೆ: ಇದು ಮೌಂಟನ್ ಲಯನ್ ಓಡಾಡುವ ಜಾಗ. ಎದುರಾದರೆ ಓಡಬೇಡಿ, ಮಕ್ಕಳನ್ನು ಹತ್ತಿರ ಎಳೆದುಕೊಳ್ಳಿ, ಕೈ ಮೇಲೆತ್ತಿ ಜೋರಾಗಿ ಕೂಗಿ. 2020ರ ಫೆಬ್ರವರಿಯಲ್ಲಿ ಇಲ್ಲೇ ಆರು ವರ್ಷದ ಹುಡುಗಿಯ ಮೇಲೆ ಒಂದು ಎರಗಿತ್ತು. ಜೊತೆಗಿದ್ದ ದೊಡ್ಡವರು ಅದನ್ನು ತಳ್ಳಿ ಓಡಿಸಿದರು. ಮಗುವಿಗೆ ಸಣ್ಣ ಗಾಯವಾಯಿತು ಅಷ್ಟೇ.

ಅಲ್ಲಿಂದ ಕಾರು ಹತ್ತಿ ಪೂರ್ವಕ್ಕೆ ಹೋಗಿ. ಕೆಲವೇ ಗಂಟೆಯಲ್ಲಿ ನೆವಾಡಾ ಸಿಗುತ್ತದೆ. ಅಲ್ಲಿ ಪರವಾನಗಿ ಕೊಂಡರೆ ಅದೇ ಪ್ರಾಣಿಯನ್ನು ಹೊಡೆಯಬಹುದು. ಇನ್ನೂ ಮುಂದೆ ಯೂಟಾದಲ್ಲಿ 2023ರ ಕಾನೂನಿನ ಪ್ರಕಾರ ವರ್ಷವಿಡೀ ಬೇಟೆ. ಈ ಪ್ರಾಣಿಗೆ ಅಂತ ಬೇರೆ ಪರ್ಮಿಟ್ ಕೂಡ ಬೇಕಿಲ್ಲ. ಟೆಕ್ಸಸ್‌ನಲ್ಲಿ ಎಷ್ಟು ಹೊಡೆಯಬಹುದು ಅನ್ನುವುದಕ್ಕೆ ಮಿತಿಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಮೋಜಿಗಾಗಿ ಒಂದನ್ನೂ ಮುಟ್ಟುವಂತಿಲ್ಲ.

ಒಂದೇ ಪ್ರಾಣಿ, ಗಡಿ ದಾಟಿದ ಕೂಡಲೇ ಹಣೆಬರಹ ಬೇರೆ. ಇದು ಹೇಗಾಯಿತು?

ಮೊದಲು ಪ್ರಾಣಿಯ ಪರಿಚಯ ಮಾಡಿಕೊಳ್ಳೋಣ. ಮೌಂಟನ್ ಲಯನ್, ಕೂಗರ್, ಪೂಮಾ, ಪ್ಯಾಂಥರ್, ಎಲ್ಲ ಒಂದೇ. ಇಂಗ್ಲಿಷ್‌ನಲ್ಲೇ ಇದಕ್ಕೆ 40ಕ್ಕೂ ಜಾಸ್ತಿ ಹೆಸರಿದೆ. ಇಲ್ಲಿ ಪೂಮಾ ಅಂತಲೇ ಕರೆಯುತ್ತೇನೆ, ಯಾಕೆಂದರೆ ಇದು ಸಿಂಹವಂತೂ ಅಲ್ಲ. ಘರ್ಜಿಸೋಕೆ ಬರುವುದಿಲ್ಲ, ಮನೆ ಬೆಕ್ಕಿನ ಹಾಗೆ ಗುರುಗುರು ಅನ್ನುತ್ತದೆ. ಕೆನಡಾದ ಯೂಕಾನ್‌ನಿಂದ ಚಿಲಿಯ ದಕ್ಷಿಣದವರೆಗೆ ಹರಡಿದೆ. ಒಂಟಿಯಾಗಿ ಬದುಕುತ್ತದೆ, ಮನುಷ್ಯರ ಕಣ್ಣಿಗೆ ಬೀಳುವುದು ಅಪರೂಪ, ಮುಖ್ಯ ಊಟ ಜಿಂಕೆ. ಜಗಳವೆಲ್ಲ ಶುರುವಾಗಿದ್ದು ಈ ಜಿಂಕೆಯಿಂದಲೇ.

ವಲಸೆ ಬಂದ ಯುರೋಪಿನವರಿಗೆ ಪೂಮಾ ಅಂದರೆ ಕುರಿ, ಕುದುರೆಮರಿ ಕದಿಯುವ ಕಳ್ಳ. ಬೇಟೆಗಾರರಿಗೆ ತಮ್ಮ ಪಾಲಿನ ಜಿಂಕೆ ತಿನ್ನುವ ದಾಯಾದಿ. ಹಾಗಾಗಿ ಕೊಂದವರಿಗೆ ಸರ್ಕಾರವೇ ದುಡ್ಡು ಕೊಟ್ಟಿತು. ಕ್ಯಾಲಿಫೋರ್ನಿಯಾ 1907ರಿಂದ 1963ರವರೆಗೆ ಈ ಬಹುಮಾನ ಕೊಟ್ಟಿತು. ಅಷ್ಟರಲ್ಲಿ ಲೆಕ್ಕಕ್ಕೆ ಸಿಕ್ಕ ಪೂಮಾಗಳೇ 12,000ಕ್ಕೂ ಹೆಚ್ಚು. ಸಂಬಳ ಕೊಟ್ಟು ಪೂಮಾ ಬೇಟೆಗಾರರನ್ನು ಇಟ್ಟುಕೊಂಡಿದ್ದೂ ಉಂಟು. ದೇಶದ ಪೂರ್ವ ಭಾಗದಲ್ಲಿ ಫ್ಲಾರಿಡಾದ ಜೌಗು ಕಾಡಿನಲ್ಲಿ ಬೆರಳೆಣಿಕೆಯಷ್ಟು ಉಳಿದವು, ಮಿಕ್ಕ ಕಡೆ ನಿರ್ನಾಮ. ಆಗ ಯಾರೂ ಇದನ್ನು 'ನಿರ್ವಹಣೆ' ಅಂತ ಕರೆಯುತ್ತಿರಲಿಲ್ಲ. ಕೊಲ್ಲುವುದನ್ನು ಕೊಲ್ಲುವುದು ಅಂತಲೇ ಕರೆಯುತ್ತಿದ್ದರು.

ಈ ಕಥೆಗೆ ಮೊದಲ ತಿರುವು ಕೊಟ್ಟ ಜಾಗ ಅರಿಝೋನಾದ ಕೈಬಾಬ್ ಪ್ರಸ್ಥಭೂಮಿ. 1906ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅಲ್ಲಿ ಜಿಂಕೆಗಳಿಗೆ ರಕ್ಷಿತ ತಾಣ ಮಾಡಿದರು. ಜಿಂಕೆ ಬೇಟೆ ನಿಂತಿತು. ಜೊತೆಗೆ ಜಿಂಕೆ ತಿನ್ನುವವರನ್ನೂ ತೆಗೆದುಬಿಡೋಣ ಅಂತ ಪೂಮಾ, ತೋಳ, ಕಯೋಟಿ ಅನ್ನುವ ಸಣ್ಣ ತೋಳದಂಥ ಪ್ರಾಣಿಗಳನ್ನು ಸಾಲಾಗಿ ಕೊಂದರು. ಪೂಮಾ ಒಂದೇ ನೂರಾರು ಸತ್ತವು. ಜಿಂಕೆ ಬೆಳೆದವು, ಬೆಳೆಯುತ್ತಲೇ ಹೋದವು. ಮೊದಲು ಸುಮಾರು 4,000 ಇದ್ದವು, 1924ರ ಹೊತ್ತಿಗೆ 1 ಲಕ್ಷ ಮುಟ್ಟಿದ್ದವು ಅಂತ ಆಗ ಅಂದಾಜು ಮಾಡಿದವರಿದ್ದಾರೆ. ಗಿಡಗಳಲ್ಲಿ ಎಟುಕುವ ಎಲೆಯೆಲ್ಲ ಖಾಲಿ. ಮುಂದಿನ ಚಳಿಗಾಲಗಳಲ್ಲಿ ಸಾವಿರಾರು ಜಿಂಕೆ ಹಸಿವಿನಿಂದ ಸತ್ತವು.

ಈ ಪಾಠ ಅಮೆರಿಕದ ಶಾಲಾ ಪುಸ್ತಕಗಳಿಗೆ ಹೋಯಿತು. ಬೇಟೆಯಾಡುವ ಪ್ರಾಣಿ ಇಲ್ಲದಿದ್ದರೆ ಕಾಡು ಹಾಳಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಆದರೆ 1970ರಲ್ಲಿ ಗ್ರೇಮ್ ಕಾಗ್ಲಿ ಅನ್ನುವ ಪರಿಸರ ವಿಜ್ಞಾನಿ ಇದರ ಲೆಕ್ಕವನ್ನೇ ಕೆದಕಿದರು. 1 ಲಕ್ಷ ಅನ್ನುವುದು ಹಲವು ಊಹೆಗಳಲ್ಲಿ ಅತಿ ದೊಡ್ಡದು. ಅದೇ ಹೊತ್ತಿನಲ್ಲಿ ಅಲ್ಲಿ ಮೇಯುತ್ತಿದ್ದ ಕುರಿ, ದನಗಳೂ ಕಡಿಮೆಯಾಗಿದ್ದವು, ಜಿಂಕೆಗೆ ಮೇವು ಜಾಸ್ತಿ ಸಿಕ್ಕಿತ್ತು. ಎಲ್ಲವನ್ನೂ ಪೂಮಾ ತಲೆಗೆ ಕಟ್ಟುವಂತಿಲ್ಲ ಅಂದರು. ಪೂಮಾ ವಿಷಯದಲ್ಲಿ ಲೆಕ್ಕ ಹೇಳುವವರನ್ನು, ಅವರು ಯಾವ ಪಕ್ಷದವರೇ ಆಗಲಿ, ಒಂಚೂರು ಅನುಮಾನದಿಂದ ನೋಡಬೇಕು ಅಂತ ನನಗೆ ಮೊದಲು ಅನಿಸಿದ್ದು ಈ ಕಥೆ ಓದಿದಾಗ.

ಎರಡನೇ ತಿರುವು ಐಡಹೊ ರಾಜ್ಯದ ಹಿಮದಲ್ಲಿ. 1964ರಲ್ಲಿ ಮಾರಿಸ್ ಹಾರ್ನಾಕರ್ ಅನ್ನುವ ಯುವ ಸಂಶೋಧಕ, ವಿಲ್ಬರ್ ವೈಲ್ಸ್ ಅನ್ನುವ ಪಳಗಿದ ಬೇಟೆಗಾರನ ಜೊತೆ ರಸ್ತೆಯೇ ಇಲ್ಲದ ಕಾಡಿಗೆ ಹೊಕ್ಕರು. ಜೊತೆಗೆ ವೈಲ್ಸ್‌ನ ನಾಯಿಗಳು. ಪೂಮಾ ಬೇಟೆಯ ಹಳೇ ವಿಧಾನ ಅಂದರೆ ನಾಯಿ. ಹಿಮದ ಮೇಲಿನ ಹೆಜ್ಜೆ ಹಿಡಿದು ಅಟ್ಟಿಸಿಕೊಂಡು ಹೋದರೆ ಪೂಮಾ ಮರ ಹತ್ತಿ ಕೂರುತ್ತದೆ. ಕೆಳಗೆ ನಿಂತು ಗುಂಡು ಹೊಡೆದರೆ ಆಯಿತು. ಇವರಿಬ್ಬರು ಗುಂಡಿನ ಬದಲು ಮತ್ತು ಬರಿಸುವ ಚುಚ್ಚುಮದ್ದು ಹೊಡೆದು, ಗುರುತು ಹಾಕಿ ಬಿಟ್ಟರು. ಮತ್ತೆ ಹುಡುಕಿದರು, ಮತ್ತೆ ಬಿಟ್ಟರು. ಚಳಿಗಾಲದ ಮೇಲೆ ಚಳಿಗಾಲ ಇದೇ ಕೆಲಸ.

ಕಂಡಿದ್ದು ಎಲ್ಲರ ನಂಬಿಕೆಗೆ ಉಲ್ಟಾ. ಪೂಮಾಗಳು ಬೇಕಾಬಿಟ್ಟಿ ಹೆಚ್ಚುವುದಿಲ್ಲ. ದೊಡ್ಡ ಗಂಡು, ಹೆಣ್ಣುಗಳು ತಮ್ಮ ತಮ್ಮ ಸರಹದ್ದು ಹಿಡಿದು ಬದುಕುತ್ತವೆ, ಇನ್ನೊಂದರ ದಾರಿಗೆ ಅಡ್ಡ ಬರುವುದಿಲ್ಲ. ಜಾಗ ಸಿಗದ ಮರಿಗಳು ದೂರ ಹೋಗಬೇಕು. ಅಂದರೆ ತಮ್ಮ ಸಂಖ್ಯೆಗೆ ಲಗಾಮು ಹಾಕುವವರಲ್ಲಿ ಅವೇ ಸೇರಿವೆ. ಪೂಮಾ ಇದ್ದರೂ ಅಲ್ಲಿ ಜಿಂಕೆ, ಎಲ್ಕ್ ಅನ್ನುವ ದೊಡ್ಡ ಜಾತಿಯ ಜಿಂಕೆ ಹೆಚ್ಚಿದವು.

ಅದೇ ಹೊತ್ತಿಗೆ ಪಶ್ಚಿಮದ ರಾಜ್ಯಗಳು ಒಂದೊಂದಾಗಿ ಬಹುಮಾನ ನಿಲ್ಲಿಸಿದವು. ನಿಲ್ಲಿಸಿ ಪೂಮಾವನ್ನು 'ಬೇಟೆ ಪ್ರಾಣಿ' ಅಂತ ಪಟ್ಟಿಗೆ ಸೇರಿಸಿದರು: ಕೊಲರಾಡೊ 1965ರಲ್ಲಿ, ಆಮೇಲೆ ಆರೆಗನ್, ಯೂಟಾ, ಅರಿಝೋನಾ, ಐಡಹೊ. ನಮಗೆ ಇದು ವಿಚಿತ್ರ ಅನಿಸಬಹುದು. ಬೇಟೆ ಪ್ರಾಣಿ ಅಂತ ಘೋಷಿಸಿದರೆ ರಕ್ಷಣೆ ಹೇಗೆ? ಅಲ್ಲಿನ ಲೆಕ್ಕ ಹೀಗಿದೆ: ಬೇಟೆ ಪ್ರಾಣಿ ಅಂದರೆ ಋತು ಇರುತ್ತದೆ, ಪರವಾನಗಿ ಇರುತ್ತದೆ, ಇಷ್ಟೇ ಅಂತ ಮಿತಿ ಇರುತ್ತದೆ, ಮರಿ ಜೊತೆಗಿರುವ ತಾಯಿಯನ್ನು ಹೊಡೆಯುವಂತಿಲ್ಲ. ಹುಳದ ಹಾಗೆ ಹೊಸಕಿಹಾಕುತ್ತಿದ್ದ ಪ್ರಾಣಿಗೆ ಅದೇ ದೊಡ್ಡ ಬಡ್ತಿ. ಪೂಮಾ ಸಂಖ್ಯೆ ಚೇತರಿಸಿಕೊಂಡಿದ್ದು ಈ ಕಾಲದಲ್ಲೇ. ಬೇಟೆಗಾರರು 'ನಾವೇ ಉಳಿಸಿದೆವು' ಅಂತ ಹೇಳುವುದರಲ್ಲಿ ಅರ್ಧ ಸತ್ಯ ಇದೆ. ಉಳಿದರ್ಧ, ಕೊಲ್ಲುವುದನ್ನು ಕಡಿಮೆ ಮಾಡಿದ್ದಕ್ಕೇ ಉಳಿದವು ಅನ್ನುವುದು.

ಕ್ಯಾಲಿಫೋರ್ನಿಯಾ ಕೂಡ 1969ರಲ್ಲಿ ಇದೇ ದಾರಿ ಹಿಡಿದಿತ್ತು. ಎರಡು ಋತುವಿನಲ್ಲಿ 118 ಪೂಮಾಗಳನ್ನು ಹೊಡೆದರು. ಜನ ಸಿಟ್ಟಾದರು. ಆಗಿನ ಗವರ್ನರ್ ರೊನಾಲ್ಡ್ ರೇಗನ್ ತಡೆ ಕಾನೂನಿಗೆ ಸಹಿ ಹಾಕಿದರು, 1972ರಿಂದ ಬೇಟೆ ಬಂದ್. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿದ್ದೂ ಅದೇ ವರ್ಷ. ಆದರೆ ನಮ್ಮದು ದೇಶಕ್ಕೆಲ್ಲ ಒಂದೇ ಕಾನೂನು. ಚಿರತೆ ನರಭಕ್ಷಕ ಆಯಿತು ಅಂದರೂ ಕೊಲ್ಲಲು ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಆದೇಶ ಬೇಕು. ಅಮೆರಿಕದಲ್ಲಿ ಪೂಮಾ ರಾಜ್ಯದ ಸೊತ್ತು, ರಾಜ್ಯಕ್ಕೊಂದು ನ್ಯಾಯ.

ತಡೆಯ ಅವಧಿ 1986ರಲ್ಲಿ ಮುಗಿಯಿತು. ರಾಜ್ಯದ ವನ್ಯಜೀವಿ ಇಲಾಖೆ ಮತ್ತೆ ಬೇಟೆ ಶುರುಮಾಡಲು ಹೊರಟಿತು, ಕೋರ್ಟ್ ತಡೆಯಿತು. ಕೊನೆಗೆ ವಿಷಯ ನೇರ ಮತದಾರರ ಮುಂದೆ ಬಂತು. 1990ರ ಜೂನ್‌ನಲ್ಲಿ ಪ್ರಪೋಸಿಷನ್ 117 ಅನ್ನುವ ಪ್ರಸ್ತಾವ ಸುಮಾರು 52 ಶೇಕಡ ಮತದಿಂದ ಗೆದ್ದಿತು. ಮೋಜಿನ ಬೇಟೆ ಶಾಶ್ವತವಾಗಿ ನಿಷೇಧ. ಜೊತೆಗೆ ಕಾಡು ಉಳಿಸಲು ವರ್ಷಕ್ಕೆ 3 ಕೋಟಿ ಡಾಲರ್. ಬದಲಾಯಿಸಬೇಕಾದರೆ ಶಾಸನಸಭೆಯ ಐದರಲ್ಲಿ ನಾಲ್ಕು ಪಾಲು ಒಪ್ಪಬೇಕು ಅಂತ ಬೀಗವನ್ನೂ ಹಾಕಿದರು.

ನಾಲ್ಕೇ ವರ್ಷದಲ್ಲಿ ಪರೀಕ್ಷೆ ಎದುರಾಯಿತು. 1994ರಲ್ಲಿ ಎಲ್ಡೊರಾಡೊ ಕೌಂಟಿಯಲ್ಲಿ ಓಡಲು ಹೋಗಿದ್ದ ಒಬ್ಬ ಮಹಿಳೆ, ಸ್ಯಾನ್ ಡಿಯೇಗೊ ಕೌಂಟಿಯಲ್ಲಿ ಇನ್ನೊಬ್ಬರು ಪೂಮಾಗೆ ಬಲಿಯಾದರು. ಬೇಟೆ ನಿಲ್ಲಿಸಿದ್ದಕ್ಕೇ ಇದಾಯಿತು ಅಂತ ಗುಲ್ಲೆದ್ದಿತು. 1996ರಲ್ಲಿ ನಿಷೇಧ ಸಡಿಲಿಸುವ ಪ್ರಪೋಸಿಷನ್ 197 ಬಂತು. ಅಷ್ಟು ಭಯದ ನಡುವೆಯೂ ಜನ ಅದನ್ನು ಸೋಲಿಸಿದರು, ಮೊದಲಿಗಿಂತ ದೊಡ್ಡ ಅಂತರದಲ್ಲಿ. ಈ ಸಿಟ್ಟು ಎಷ್ಟು ಗಟ್ಟಿ ಅಂದರೆ, 2012ರಲ್ಲಿ ರಾಜ್ಯದ ಮೀನು ಮತ್ತು ಬೇಟೆ ಆಯೋಗದ ಅಧ್ಯಕ್ಷ ಡ್ಯಾನ್ ರಿಚರ್ಡ್ಸ್ ಐಡಹೊಗೆ ಹೋಗಿ ಪೂಮಾ ಹೊಡೆದು, ಅದನ್ನು ತಬ್ಬಿಕೊಂಡು ನಗುತ್ತಾ ಫೋಟೊ ತೆಗೆಸಿಕೊಂಡರು. ಐಡಹೊದಲ್ಲಿ ಅದು ಪೂರ್ತಿ ಕಾನೂನುಬದ್ಧ. ಆದರೂ ಕ್ಯಾಲಿಫೋರ್ನಿಯಾದಲ್ಲಿ ಅಧ್ಯಕ್ಷ ಪಟ್ಟ ಹೋಯಿತು.

ನಿಷೇಧ ಅಂದ ಮಾತ್ರಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಪೂಮಾ ಸಾಯುವುದಿಲ್ಲ ಅಂತಲ್ಲ. ಕುರಿ, ಆಡು ಹಿಡಿದರೆ ಮಾಲೀಕರಿಗೆ ಪರ್ಮಿಟ್ ಸಿಗುತ್ತದೆ, ಜನರಿಗೆ ಅಪಾಯ ಅನಿಸಿದರೂ ಕೊಲ್ಲುತ್ತಾರೆ. ದಕ್ಷಿಣದ ಕಡೆಯಂತೂ ಬಂದೂಕಿಗಿಂತ ಕಾರಿನದೇ ಭಯ. ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕ್‌ನಲ್ಲಿ ಹತ್ತು ವರ್ಷ ಒಂಟಿಯಾಗಿ ಬದುಕಿದ ಪಿ-22 ಅನ್ನುವ ಗಂಡು ಪೂಮಾ ಎರಡು ದೊಡ್ಡ ಹೆದ್ದಾರಿ ದಾಟಿ ಅಲ್ಲಿಗೆ ಬಂದಿತ್ತು. ಹಾಲಿವುಡ್ ಫಲಕದ ಮುಂದೆ ರಾತ್ರಿ ನಡೆದು ಹೋಗುವ ಅದರ ಫೋಟೊ ನೀವೂ ನೋಡಿರಬಹುದು. 2022ರ ಡಿಸೆಂಬರ್‌ನಲ್ಲಿ, ವಾಹನ ಬಡಿದ ಗಾಯ ಮತ್ತು ರೋಗಗಳಿಂದ ನರಳುತ್ತಿದ್ದ ಅದಕ್ಕೆ ದಯಾಮರಣ ಕೊಟ್ಟರು.

ಈಗ ನಡುವಿನ ಪ್ರಶ್ನೆಗೆ ಬರೋಣ. ಬೇಟೆಯಾಡಿದರೆ ತೊಂದರೆ ಕಡಿಮೆ ಆಗುತ್ತಾ?

ಮೇಲ್ನೋಟಕ್ಕೆ ಹೌದು ಅನ್ನಿಸುತ್ತದೆ. ಪೂಮಾ ಕಡಿಮೆಯಾದರೆ ದಾಳಿಯೂ ಕಡಿಮೆ ಅಲ್ವಾ? ವಾಷಿಂಗ್ಟನ್ ರಾಜ್ಯದಲ್ಲಿ ರಾಬ್ ವೀಲ್ಗಸ್ ಅನ್ನುವ ಸಂಶೋಧಕ ಮತ್ತು ಅವರ ತಂಡ ಕಂಡಿದ್ದು ಬೇರೆ. ಹಿಂದಿನ ವರ್ಷ ಜಾಸ್ತಿ ಬೇಟೆಯಾದ ಕಡೆ ಮುಂದಿನ ವರ್ಷ ದೂರುಗಳು, ಜಾನುವಾರು ನಷ್ಟ ಏರಿದ್ದವು. ಅವರ ವಿವರಣೆ ಹೀಗಿದೆ. ಬೇಟೆಗಾರರಿಗೆ ಬೇಕಾಗಿದ್ದು ದೊಡ್ಡ ಗಂಡು. ಊರಿನ ಹಿರಿಯನನ್ನು ತೆಗೆದ ಹಾಗೆ ಅದು. ಖಾಲಿಯಾದ ಸರಹದ್ದಿಗೆ ಸುತ್ತಲಿನ ಪ್ರಾಯದ ಗಂಡುಗಳು ನುಗ್ಗುತ್ತವೆ. ಅನುಭವ ಕಡಿಮೆ, ಹಸಿವು ಜಾಸ್ತಿ. ಸಿಗುವುದು ಕೊಟ್ಟಿಗೆಯ ಕುರಿ. ಈ ಕೆಲಸದ ಪ್ರಭಾವದಿಂದ ವಾಷಿಂಗ್ಟನ್ ಬೇಟೆಯ ಮಿತಿಯನ್ನು ಪೂಮಾ ಸಂಖ್ಯೆಯ 12-16 ಶೇಕಡದ ನಡುವೆ ಇಟ್ಟಿತು. 2020ರಲ್ಲಿ ಬಂದ ಇನ್ನೊಂದು ಅಧ್ಯಯನ ಕ್ಯಾಲಿಫೋರ್ನಿಯಾವನ್ನು ಬೇಟೆ ಇರುವ ಹತ್ತು ರಾಜ್ಯಗಳ ಜೊತೆ ಇಟ್ಟು ನೋಡಿ, ಬೇಟೆಯಿಂದ ತೊಂದರೆ ತಗ್ಗಿದ ಗುರುತು ಕಾಣಲಿಲ್ಲ ಅಂದಿತು. ನೆಲ, ಜನಸಂಖ್ಯೆ, ಜಾನುವಾರು ಎಲ್ಲ ಬೇರೆ ಇರುವ ರಾಜ್ಯಗಳನ್ನು ಹೀಗೆ ತೂಗುವುದು ಕಷ್ಟ, ಅದು ನಿಜ. ಆದರೆ 50 ವರ್ಷ ಬೇಟೆ ನಿಂತರೂ ಕ್ಯಾಲಿಫೋರ್ನಿಯಾದಲ್ಲಿ ಪೂಮಾ ತುಂಬಿ ತುಳುಕಿಲ್ಲ ಅನ್ನುವುದು ಕಣ್ಣೆದುರಿಗಿದೆ. 6,000 ಇರಬಹುದು ಅಂತ ದಶಕಗಳಿಂದ ಹೇಳುತ್ತಿದ್ದ ಇಲಾಖೆ ಸರಿಯಾಗಿ ಎಣಿಸಿದಾಗ, 2024ರಲ್ಲಿ ಬಂದ ಅಂದಾಜು 3,200ರಿಂದ 4,500.

ಹಾಗಂತ ಪೂಮಾ ಕೊಂದರೆ ಎಲ್ಲೂ ಉಪಯೋಗವಿಲ್ಲ ಅನ್ನುವುದೂ ತಪ್ಪು. ಸಿಯೆರಾ ನೆವಾಡಾ ಬೆಟ್ಟಗಳ ಬಿಗ್‌ಹಾರ್ನ್ ಕಾಡುಕುರಿ 1990ರ ದಶಕದಲ್ಲಿ ಸುಮಾರು 100ಕ್ಕೆ ಇಳಿದಿತ್ತು. ಅಷ್ಟು ಸಣ್ಣ ಹಿಂಡಿಗೆ ಕುರಿ ಹಿಡಿಯುವುದರಲ್ಲಿ ಪಳಗಿದ ಒಂದು ಪೂಮಾ ಬಿದ್ದರೆ ಸಾಕು. 1999ರಲ್ಲಿ ಕ್ಯಾಲಿಫೋರ್ನಿಯಾವೇ ತನ್ನ ಬೀಗ ತೆಗೆದು, ಈ ಕುರಿಗಳನ್ನು ಕಾಡುವ ಪೂಮಾವನ್ನು ತೆಗೆಯಬಹುದು ಅಂತ ತಿದ್ದುಪಡಿ ತಂದಿತು. ಇದು ನಿರ್ದಿಷ್ಟ ಜಾಗ, ನಿರ್ದಿಷ್ಟ ಪ್ರಾಣಿ, ಕಾರಣ ಸ್ಪಷ್ಟ. ಪರವಾನಗಿ ಮಾರಿ ಯಾರಿಗೆ ಯಾವುದು ಸಿಕ್ಕಿತೋ ಅದನ್ನು ಹೊಡೆಯಿರಿ ಅನ್ನುವುದು ಬೇರೆ ಮಾತು. ಎರಡಕ್ಕೂ 'ನಿರ್ವಹಣೆ' ಅನ್ನುವ ಒಂದೇ ಹೆಸರಿಟ್ಟಿದ್ದರಿಂದಲೇ ಚರ್ಚೆ ಗೋಜಲಾಗಿದೆ ಅಂತ ನನ್ನ ಅನಿಸಿಕೆ.

ನಾಯಿ ವಿಷಯದಲ್ಲೂ ಇಂಥದೇ ಗೋಜಲು. ಅಟ್ಟಿಸಿ, ಮರ ಹತ್ತಿಸಿ, ಕೂತ ಪ್ರಾಣಿಗೆ ಗುಂಡು ಹೊಡೆಯುವುದು ಎಂಥ ಬೇಟೆ ಅಂತ ಆರೆಗನ್ ಮತದಾರರು 1994ರಲ್ಲಿ, ವಾಷಿಂಗ್ಟನ್‌ನವರು 1996ರಲ್ಲಿ ನಾಯಿ ಬಳಕೆ ನಿಷೇಧಿಸಿದರು. ಆದರೆ ಮರದ ಮೇಲೆ ಕೂತ ಪೂಮಾ ಗಂಡೋ ಹೆಣ್ಣೋ, ಮರಿಗೆ ಹಾಲು ಕೊಡುತ್ತಿರುವ ತಾಯಿಯೋ ಅಂತ ನೋಡಿ ಬಿಟ್ಟುಬಿಡಬಹುದು. ನಡೆದು ಹೋಗುವಾಗ ಅಚಾನಕ್ ಕಂಡದ್ದಕ್ಕೆ ಹೊಡೆಯುವವನಿಗೆ ಆ ಪುರುಸೊತ್ತು ಎಲ್ಲಿ?

2024ರ ನವೆಂಬರ್‌ನಲ್ಲಿ ಜಗಳ ಕೊಲರಾಡೊಗೆ ಬಂತು. ಪೂಮಾ ಮತ್ತು ಬಾಬ್‌ಕ್ಯಾಟ್ ಅನ್ನುವ ಕಾಡುಬೆಕ್ಕಿನ ಬೇಟೆ ನಿಷೇಧಿಸುವ ಪ್ರಪೋಸಿಷನ್ 127. ಅಲ್ಲಿ ವರ್ಷಕ್ಕೆ ಸುಮಾರು 500 ಪೂಮಾ ಬೇಟೆಯಾಗುತ್ತವೆ. ಬೆಳೆದವು 3,800ರಿಂದ 4,400 ಇವೆ ಅಂತ ಇಲಾಖೆಯ ಅಂದಾಜು. ನಿಷೇಧದ ಪರ ಇದ್ದವರು ಇದನ್ನು ಟ್ರೋಫಿ ಬೇಟೆ ಅಂದರು, ಗೋಡೆಗೆ ತಲೆ ನೇತುಹಾಕಲು ಕೊಲ್ಲುವುದು. ವಿರೋಧಿಗಳು, ಮಾಂಸ ಮನೆಗೆ ಒಯ್ಯಲೇಬೇಕು ಅಂತ ಕಾನೂನೇ ಇದೆ, ನಾವು ತಿನ್ನುತ್ತೇವೆ ಅಂದರು. ಸುಮಾರು 55 ಶೇಕಡ ಜನ ನಿಷೇಧ ಬೇಡ ಅಂದರು.

ಆ ಪ್ರಚಾರದಲ್ಲಿ ಮತ್ತೆ ಮತ್ತೆ ಕೇಳಿದ ಮಾತು 'ಮತಪೆಟ್ಟಿಗೆಯ ಜೀವಶಾಸ್ತ್ರ'. ಕಾಡಿನ ವಿಷಯ ತಜ್ಞರಿಗೆ ಬಿಡಿ, ಊರಿನವರ ವೋಟಿಗಲ್ಲ ಅನ್ನುವುದು. ಕೇಳಲು ಸರಿಯಾಗಿದೆ. ಆದರೆ ತಜ್ಞರ ಇಲಾಖೆಗೆ ದುಡ್ಡು ಎಲ್ಲಿಂದ ಬರುತ್ತದೆ ನೋಡಿ. ಬೇಟೆ ಪರವಾನಗಿಯಿಂದ, ಮತ್ತು 1937ರ ಪಿಟ್ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬಂದೂಕು, ಗುಂಡುಗಳ ಮೇಲಿನ ತೆರಿಗೆಯಿಂದ. ಬೈನಾಕ್ಯುಲರ್ ಹಿಡಿದು ನಡೆಯುವವರು ಅಂಥ ತೆರಿಗೆ ಕಟ್ಟುವುದಿಲ್ಲ. ಹಾಗಾಗಿ ಬೇಟೆಗಾರರು 'ಖರ್ಚು ನಮ್ಮದು, ಮಾತೂ ನಮ್ಮದು' ಅನ್ನುತ್ತಾರೆ. ಮಿಕ್ಕವರು 'ಪ್ರಾಣಿ ಎಲ್ಲರದ್ದು' ಅನ್ನುತ್ತಾರೆ. ಇದು ಪೂಮಾ ಎಷ್ಟಿವೆ ಅಂತ ಎಣಿಸಿ ಬಗೆಹರಿಯುವ ಜಗಳವಲ್ಲ.

2024ರ ಮಾರ್ಚ್‌ನಲ್ಲಿ ಎಲ್ಡೊರಾಡೊ ಕೌಂಟಿಯಲ್ಲಿ ಜಿಂಕೆಯ ಉದುರಿದ ಕೊಂಬು ಹುಡುಕಲು ಹೋಗಿದ್ದ ಅಣ್ಣ ತಮ್ಮಂದಿರ ಮೇಲೆ ಪೂಮಾ ಬಿದ್ದಿತು. ಒಬ್ಬ ಸತ್ತ. ಕ್ಯಾಲಿಫೋರ್ನಿಯಾದಲ್ಲಿ 20 ವರ್ಷದಲ್ಲಿ ಇಂಥ ಮೊದಲ ಸಾವು. 1994ರ ಎರಡು ಸಾವುಗಳಲ್ಲಿ ಒಂದು ಆಗಿದ್ದೂ ಇದೇ ಕೌಂಟಿಯಲ್ಲಿ. ಮರುವರ್ಷ ಶಾಸನಸಭೆಯಲ್ಲಿ ಈ ಕೌಂಟಿಗಾಗಿ ಒಂದು ಮಸೂದೆ ಮಂಡನೆಯಾಯಿತು. ಅದು ಕೇಳಿದ್ದು ಬಂದೂಕನ್ನಲ್ಲ, ನಾಯಿಗಳನ್ನು. ಊರಿನ ಹತ್ತಿರ ಬರುವ ಪೂಮಾವನ್ನು ನಾಯಿ ಬಿಟ್ಟು ಅಟ್ಟಬೇಕು, ಮರ ಹತ್ತಿಸಬೇಕು, ಆಮೇಲೆ ನಾಯಿಗಳನ್ನು ಕರೆದುಕೊಂಡು ವಾಪಸ್ ಬರಬೇಕು.